ಬಲ್ಲಾಳ ಸರ್ ಅವರ ಕೈಗವಸು

ಬಲ್ಲಾಳ ಸರ್ ಕೈಗವಸು ಹಾಕಿಕೊಂಡೇ ಚಹಾ ಕುಡಿಯುತ್ತಿದ್ದರು. ಮುಂಬಯಿಯ ಪರೇಲಿನ ನಮ್ಮ ಲ್ಯಾಬಿನ ಮುಖ್ಯಸ್ಥರು ಅವರು. ಬೆಳಗ್ಗೆ ಹತ್ತೂವರೆಗೆ ಬಂದವರೇ ಪೆಟ್ಟಿಗೆಯಿಂದ ಒಂದು ಜೊತೆ ನೀಲಿ ಕೈಗವಸು ಎಳೆದು, ಬೆರಳು ಬೆರಳಿಗೂ ಸರಿಯಾಗಿ ಕೂರಿಸಿ, ಮಣಿಕಟ್ಟಿನ ಬಳಿ ಪಟ್ಟೆಂದು ಬಿಡುತ್ತಿದ್ದರು. ಆಮೇಲೆ ಅದೇ ಕೈಯಲ್ಲಿ ಲಿಫ್ಟಿನ ಗುಂಡಿ, ಫೋನು, ಮೂಗು, ಬಿಸ್ಕತ್ತು. ಸಂಜೆ ಐದಕ್ಕೆ ಕಳಚಿ ಬುಟ್ಟಿಗೆ ಎಸೆದು ಹೊರಡುತ್ತಿದ್ದರು. ಹನ್ನೊಂದು ತಿಂಗಳಲ್ಲಿ ಅವರು ಪಿಪೆಟ್ ಹಿಡಿದದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಎರಡೂ ಸಲ ಎದುರಿಗೆ ಕ್ಯಾಮರಾ ಇತ್ತು. ಎರಡನೆಯ ಸಲ ಪಿಪೆಟ್ಟಿಗೆ ದ್ರವ ಹೀರುವ ತುದಿಯನ್ನೇ ಸಿಕ್ಕಿಸಿರಲಿಲ್ಲ.

ಇದನ್ನೆಲ್ಲ ನಾನು ನೆನಪಿನಿಂದ ಬರೆಯುತ್ತಿಲ್ಲ. ಒಂಬತ್ತನೆಯ ತರಗತಿಯಿಂದ ದಿನಚರಿ ಇಡುತ್ತೇನೆ. ದಿನಾಂಕ, ಹಿಡಿದ ಲೋಕಲ್ ರೈಲು, ಆ ದಿನದ ಕೆಲಸ, ಎಣಿಸಬಹುದಾದದ್ದೇನಾದರೂ ಇದ್ದರೆ ಅದರ ಎಣಿಕೆ. ಘಾಟ್ಕೋಪರಿನ ನಮ್ಮ ಮನೆಯಲ್ಲಿ ಅಪ್ಪ ಇದಕ್ಕೆ ‘ಸುಮಾನ ಪಂಚಾಂಗ’ ಅಂತ ಹೆಸರಿಟ್ಟಿದ್ದಾರೆ. “ನಿನ್ನೆ ನಾ ಎಷ್ಟ್ ಸಲ ಸೀನಿದ್ನಿ, ನೋಡಿ ಹೇಳವಾ” ಎಂದು ಚೇಷ್ಟೆ ಮಾಡುತ್ತಾರೆ. ಅವರು ವಿಜಯಪುರದ ಕಡೆಯವರು. ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ ಮಾತು ಅಲ್ಲಿಯದೇ.

ಲ್ಯಾಬಿನ ಪೆಟ್ಟಿಗೆಯಲ್ಲಿ ನೂರು ಕೈಗವಸು, ಅಂದರೆ ಐವತ್ತು ಜೊತೆ. ತಿಂಗಳಿಗೆ ಒಂದೇ ಪೆಟ್ಟಿಗೆ ಮಂಜೂರು. ಅದರಲ್ಲಿ ಇಪ್ಪತ್ತೆರಡೋ ಇಪ್ಪತ್ತಮೂರೋ ಜೊತೆ ಸರ್ ಅವರ ಚಹಾಕ್ಕೆ. ತಿಂಗಳ ಕೊನೆಯ ವಾರ ನಾನು ಹಳೆಯವನ್ನು ತೊಳೆದು, ಒಣಗಿಸಿ, ಮತ್ತೆ ಹಾಕಿಕೊಳ್ಳುತ್ತಿದ್ದೆ. ತೊಳೆದ ಕೈಗವಸು ಬೆರಳ ತುದಿಯಲ್ಲಿ ಹರಿಯುತ್ತದೆ. ಹರಿದಲ್ಲಿಂದ ಲ್ಯಾಬಿನಲ್ಲಿ ಬಳಸುವ ನೀಲಿ ಬಣ್ಣ ಒಳಗಿಳಿದು ಉಗುರಿನ ಸಂದಿಯಲ್ಲಿ ಕೂರುತ್ತದೆ, ನಾಲ್ಕು ದಿನ ಹೋಗುವುದಿಲ್ಲ.

ಆ ನೀಲಿ ಬಣ್ಣದ ಕೆಲಸವೇ ನನ್ನ ಕೆಲಸ. ನಮ್ಮ ಕಟ್ಟಡದ ಕೆಳಗಿನ ಮಾಳಿಗೆಯಲ್ಲಿ ಹಲ್ಲಿನ ಆಸ್ಪತ್ರೆ. ವಸಡು ಊದಿ, ಕೀವುಗಟ್ಟಿ, ಹಲ್ಲಿನ ಬುಡ ಬಿಡುತ್ತಿರುವವರಿಗೆ ಅಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಕೊಯ್ದಾಗ ಹೇಗೂ ಎಸೆಯಬೇಕಾದ ವಸಡಿನ ಅಕ್ಕಿಕಾಳಿನಷ್ಟು ತುಣುಕನ್ನು ರೋಗಿಯ ಒಪ್ಪಿಗೆ ಪಡೆದು ಮಂಜುಗಡ್ಡೆಯಲ್ಲಿಟ್ಟು ನಮಗೆ ಕಳಿಸುತ್ತಾರೆ. ಊದಿದ ವಸಡಿನಲ್ಲಿ ಕೆಲವು ಕಿಣ್ವಗಳು ಹದ್ದು ಮೀರಿ ಕೆಲಸ ಮಾಡುತ್ತಿರುತ್ತವೆ. ಹಲ್ಲನ್ನು ಹಿಡಿದಿಟ್ಟ ನಾರನ್ನು ಕತ್ತರಿಯಂತೆ ಕತ್ತರಿಸುತ್ತಿರುತ್ತವೆ. ತುಣುಕನ್ನು ಅರೆದು, ಜೆಲಾಟಿನ್ ಬೆರೆಸಿದ ತೆಳ್ಳಗಿನ ಜೆಲ್ಲಿನಲ್ಲಿ ವಿದ್ಯುತ್ ಹರಿಸಿ ಓಡಿಸಿ, ಒಂದು ದಿನ ಬೆಚ್ಚಗಿಟ್ಟು, ಆಮೇಲೆ ಇಡೀ ಜೆಲ್ಲಿಗೆ ನೀಲಿ ಬಣ್ಣ ಹಾಕಬೇಕು. ಕಿಣ್ವ ಎಲ್ಲಿ ಜೆಲಾಟಿನ್ ತಿಂದಿದೆಯೋ ಅಲ್ಲಿ ಬಣ್ಣ ಹಿಡಿಯುವುದಿಲ್ಲ, ಬಿಳಿ ಗೆರೆ ಉಳಿಯುತ್ತದೆ. ಗೆರೆ ಅಗಲವಾದಷ್ಟೂ ತಿನ್ನುವುದು ಜೋರು.

ನಮ್ಮ ಪ್ರಶ್ನೆ ಇಷ್ಟೇ: ನೋವು, ಊತ ಇಳಿಸುವ ಗುಳಿಗೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲು ಒಂದು ವಾರ ನುಂಗಿದವರಲ್ಲಿ ಈ ಕಿಣ್ವ ತಗ್ಗುತ್ತದೆಯೆ? ಒಂದು ಗುಂಪಿಗೆ ಗುಳಿಗೆ, ಇನ್ನೊಂದು ಗುಂಪಿಗೆ ಏನೂ ಇಲ್ಲ. ಎರಡನ್ನೂ ಹೋಲಿಸಿ ನೋಡುವುದು.

ಬಲ್ಲಾಳ ಸರ್ ಅವರಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ನಾನು ಸೇರಿದ ಫೆಬ್ರವರಿ ೫, ಸೋಮವಾರವೇ ಉತ್ತರ ಹೇಳಿಬಿಟ್ಟರು. “ನೋಡು ಸುಮಾ, ಬೆಂಕಿ ಆರಿದ ಮೇಲೆ ಹೊಗೆ ಇರ್ತದಾ? ಇಲ್ಲ. ನೋವೇ ಹೊಗೆ. ನೋವು ಹೋಯ್ತು ಅಂದ್ರೆ ಬೆಂಕಿ ಹೋಯ್ತು. ಸಿಂಪಲ್. ನೀನು ಗೆರೆ ತೋರಿಸಿದ್ರೆ ಆಯ್ತು.” ಹೊಗೆ ಬೆಂಕಿಯ ಈ ಮಾತನ್ನು ನಾನು ಲ್ಯಾಬಿನಲ್ಲಿ ಕೇಳಿದ್ದು ನಲವತ್ತಮೂರು ಸಲ. ಕಿಟಕಿ ತೆರೆದರೂ ಹೊಗೆ ಹೋಗುತ್ತದಲ್ಲ ಸರ್ ಎಂದು ಒಮ್ಮೆಯೂ ಕೇಳಲಿಲ್ಲ. ನನ್ನ ಕೆಲಸ ವರ್ಷದ ಕರಾರಿನದು; ಮುಂದುವರಿಸುವ ಕಾಗದಕ್ಕೆ ಅವರದೇ ಸಹಿ ಬೇಕಿತ್ತು.

ಏಪ್ರಿಲ್ ೨೩ಕ್ಕೆ ಮೊದಲ ಜೆಲ್ ಸಿದ್ಧವಾಯಿತು. ಗುಳಿಗೆ ನುಂಗಿದವರಲ್ಲೂ ನುಂಗದವರಲ್ಲೂ ಬಿಳಿ ಗೆರೆ ಒಂದೇ ಅಗಲ. ಸರ್ ದೀಪದ ಪೆಟ್ಟಿಗೆಯ ಮುಂದೆ ಕೈಗವಸಿನ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತು, ತಲೆ ಓರೆ ಮಾಡಿ, “ಇದು ಕೆಟ್ಟ ಜೆಲ್” ಎಂದರು.

“ಯಾಕೆ ಸರ್?”

“ನಿನ್ನ ಕೈ ಸರಿಯಿಲ್ಲ.”

ಮತ್ತೆ ಮಾಡಿದೆ. ಮತ್ತೂ ಮಾಡಿದೆ. ಅವರಲ್ಲಿ ಜೆಲ್ಲುಗಳಿಗೆ ಎರಡೇ ಜಾತಿ: ಚಂದದ ಜೆಲ್, ಕೆಟ್ಟ ಜೆಲ್. ಅವರಿಗೆ ಬೇಕಾದದ್ದು ಕಂಡರೆ ಚಂದ, ಇಲ್ಲದಿದ್ದರೆ ನನ್ನ ಕೈ ಸರಿಯಿಲ್ಲ. ಅಕ್ಟೋಬರ್ ಕೊನೆಗೆ ಇಪ್ಪತ್ತಾರು ಜೆಲ್ಲುಗಳಾಗಿದ್ದವು. ಇಪ್ಪತ್ತೈದು ಕೆಟ್ಟವು. ಚಂದದ್ದು ಒಂದೇ, ಹದಿನೇಳನೆಯದು. ಆ ದಿನ ಗುಳಿಗೆ ಗುಂಪಿನ ತುಣುಕು ಅರ್ಧ ಅಕ್ಕಿಕಾಳಿನಷ್ಟೂ ಇರಲಿಲ್ಲ. ಅರೆದದ್ದನ್ನು ಜೆಲ್ಲಿಗೆ ಉಳಿದವುಗಳಿಗಿಂತ ಕಡಿಮೆ ತುಂಬಬೇಕಾಯಿತು. ಕಡಿಮೆ ತುಂಬಿದರೆ ಗೆರೆ ಸಣ್ಣದಾಗುವುದು ಸಹಜ. ‘ಹೋಲಿಕೆಗೆ ಬಾರದು’ ಎಂದು ಲ್ಯಾಬಿನ ಪುಸ್ತಕದಲ್ಲೂ ನನ್ನ ದಿನಚರಿಯಲ್ಲೂ ಬರೆದಿದ್ದೆ. ಸರ್ ಅದನ್ನೇ ಫೋನಿನಲ್ಲಿ ಫೋಟೋ ತೆಗೆದು, “ಈಗ ನಿನ್ನ ಕೈ ಕೂತಿತು” ಎಂದರು.

ಅವರ ಬಗ್ಗೆ ಒಳ್ಳೆಯ ಮಾತು ಒಂದನ್ನಾದರೂ ಬರೆಯಬೇಕು, ಅದೂ ಲೆಕ್ಕದಲ್ಲಿದೆ. ಮೊದಲ ಜೆಲ್ಲಿಗೂ ಮುಂಚೆ, ಏನೂ ನುಂಗದ ಗುಂಪಿಗೆ ಜನ ಸಿಗದೆ ಒದ್ದಾಡುತ್ತಿದ್ದಾಗ ಮಾಟುಂಗದ ಹೋಟೆಲುಗಳಿಂದ ಹತ್ತೊಂಬತ್ತು ಕೆಲಸಗಾರರನ್ನು ಕರೆತಂದವರು ಅವರೇ. ಅವರು ಅಲ್ಲಿನ ಒಂದು ಕನ್ನಡ ಸಂಘದ ಸಮಿತಿಯಲ್ಲಿದ್ದರು. ಆ ಹತ್ತೊಂಬತ್ತು ಜನರ ಬಾಯಿಯನ್ನು ಅದುವರೆಗೆ ಯಾವ ಡಾಕ್ಟರೂ ನೋಡಿರಲಿಲ್ಲ. ಚಿಕಿತ್ಸೆ ಪುಕ್ಕಟೆ. ಆದರೆ ಈ ಪುಣ್ಯವನ್ನೂ ಅವರು ಫೋಟೋಗ್ರಾಫರ್ ಬರುವವರೆಗೆ ಮುಕ್ಕಾಲು ಗಂಟೆ ತಡೆಹಿಡಿದಿದ್ದರು. ಬೆಳಗಿನ ಡ್ಯೂಟಿ ಬಿಟ್ಟು ಬಂದಿದ್ದವರು ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದರು.

ಅವರಲ್ಲಿ ಒಬ್ಬರು ಶೀನಣ್ಣ. ಉಡುಪಿಯ ಕಡೆಯವರು, ನಲವತ್ತರ ಒಳಗಿನವರು, ಹದಿನೆಂಟು ವರ್ಷದಿಂದ ಒಂದೇ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. ಜುಲೈ ೧೬ಕ್ಕೆ ಅವರ ಕೆಳವಸಡಿನ ಎಡಬದಿಯ ಶಸ್ತ್ರಚಿಕಿತ್ಸೆ ಆಯಿತು. ಬಲಬದಿಯದು ತಿಂಗಳ ನಂತರ ಆಗಬೇಕಿತ್ತು. ಫಾರ್ಮು ತುಂಬಿಸಿದವಳು ನಾನು. “ಬೇರೆ ಯಾವುದಾದರೂ ಔಷಧ ತೆಗೆದುಕೊಳ್ಳುತ್ತೀರಾ?” ಎಂದು ಕೇಳಿದೆ. “ಇಲ್ಲಪ್ಪ” ಎಂದರು. ‘ಇಲ್ಲ’ ಎಂದು ಬರೆದೆ. ಹತ್ತೊಂಬತ್ತು ಜನರೂ ಇಲ್ಲ ಎಂದರು. ಹತ್ತೊಂಬತ್ತು ಸಲವೂ ನನ್ನದೇ ಅಕ್ಷರದಲ್ಲಿ ‘ಇಲ್ಲ’ ಇದೆ.

ನವೆಂಬರ್ ೯, ಶನಿವಾರ. ಅರ್ಧ ದಿನದ ಕೆಲಸ ಮುಗಿಸಿ ಪರೇಲಿನಿಂದ ಸ್ಲೋ ಲೋಕಲ್ ಹಿಡಿದವಳು ಹಸಿವೆಯಾಗಿ ಮಾಟುಂಗದಲ್ಲಿ ಇಳಿದು ಶೀನಣ್ಣನ ಹೋಟೆಲಿಗೆ ಹೋದೆ. ಮೂರು ಗಂಟೆ, ಊಟದ ಗಲಾಟೆ ಮುಗಿದಿತ್ತು. ಒಳಗಿನವರೆಲ್ಲ ಒಬ್ಬೊಬ್ಬರಾಗಿ ದುಡ್ಡು ಕಟ್ಟುವ ಗಲ್ಲೆಯ ಬಳಿ ಚಹಾಕ್ಕೆ ಬಂದರು. ಗಲ್ಲೆಯಲ್ಲಿದ್ದ ಮ್ಯಾನೇಜರ್ ವಾಸಣ್ಣ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ಮುಂದೆ ಸರಿಸಿದರು. ಪ್ರತಿಯೊಬ್ಬರೂ ಡಬ್ಬಿಗೆ ಕೈ ಹಾಕಿ, ಒಂದು ಗುಳಿಗೆ ತೆಗೆದು, ಬಾಯಿಗೆ ಎಸೆದುಕೊಂಡು ಚಹಾ ಗುಟುಕರಿಸಿದರು. ಅಭ್ಯಾಸದಿಂದ ಎಣಿಸಿದೆ: ಹನ್ನೊಂದು ಕೈ. ಐದನೆಯದು ಶೀನಣ್ಣನದು.

“ಓ, ಲ್ಯಾಬಿನ ಮೇಡಂ! ಎಂತ, ನನ್ನ ವಸಡು ಎಂತ ಹೇಳ್ತದೆ?”

“ಶೀನಣ್ಣ, ಅದೇನು ನುಂಗಿದ್ದು?”

“ಇದಾ? ಡಬ್ಬಿದು.”

“ಗುಳಿಗೆ ಅಲ್ವಾ ಅದು? ಯಾವ ಔಷಧವೂ ಇಲ್ಲ ಅಂದಿದ್ರಿ ನನ್ನ ಹತ್ರ!”

“ಔಷಧ ಎಲ್ಲಿ ಮಾರಾಯ್ತಿ? ಔಷಧ ಅಂದ್ರೆ ಜ್ವರ ಬಂದ್ರೆ ಡಾಕ್ಟ್ರು ಬರ್ದು ಕೊಡ್ತಾರಲ್ಲ, ಅದು. ಇದು ಚಾದ ಒಟ್ಟಿಗೆ ಬರ್ತದೆ. ಹತ್ತು ಗಂಟೆ ಕಾವಲಿ ಎದುರು ನಿಂತ್ರೆ ಕಾಲು ಕೇಳ್ಬೇಕಲ್ಲ?”

ವಾಸಣ್ಣ ಡಬ್ಬಿಯನ್ನು ನನ್ನ ಕಡೆ ತಿರುಗಿಸಿದರು. ಮೇಲೆ ಅಂಟಿಸಿದ ಕಾಗದದಲ್ಲಿ ದಪ್ಪಕ್ಷರ: ‘ಡಾ. ಬಲ್ಲಾಳರ ಕೊಡುಗೆ’. “ಕಂಪನಿಯವ್ರು ಸರ್‌ಗೆ ಸ್ಯಾಂಪಲ್ ಕೊಡ್ತಾರೆ, ಸರ್ ನಮ್ಗೆ ಕೊಡ್ತಾರೆ. ಎರಡು ವರ್ಷ ಆಯ್ತು, ಏಕ್ ದಿನ್ ಭೀ ಡಬ್ಬಿ ಖಾಲಿ ಆಗ್ಲಿಲ್ಲ. ದೇವರಂಥ ಮನುಷ್ಯ. ನಿಮ್ಗೂ ಒಂದು ಬೇಕಾ? ಸಂಕೋಚ ಬೇಡ.”

ನೀರುದೋಸೆಯ ತಟ್ಟೆ ಸರಿಸಿ ಡಬ್ಬಿಯೊಳಗೆ ನೋಡಿದೆ. ನಮ್ಮ ಅಧ್ಯಯನದ ಗುಳಿಗೆಯೂ ಅದೇ. ಒಂದು ಗುಂಪಿಗೆ ನಾವು ಲೆಕ್ಕ ಹಾಕಿ ಒಂದು ವಾರ ಕೊಟ್ಟದ್ದನ್ನು, ಏನೂ ನುಂಗದ ಗುಂಪಿಗೆ ಅವರು ಎರಡು ವರ್ಷದಿಂದ ಲೆಕ್ಕವಿಲ್ಲದೆ ದಾನ ಮಾಡುತ್ತಿದ್ದರು. ಗೆರೆಗಳು ಒಂದೇ ಅಗಲ ಬರದೆ ಇನ್ನೇನು?

“ಬಲಬದಿಯದು ಮಾಡಿಸಿಕೊಂಡ್ರಾ?” ಎಂದು ಕೇಳಿದೆ.

“ಅದು ಎಂತಕ್ಕೆ? ನೋವೇ ಇಲ್ಲ. ಸರ್ ಹೇಳಿದ್ದಾರೆ, ಡಬ್ಬಿದು ತಗೊಳ್ತಾ ಇರು, ಕೊಯ್ಯೋದೆಲ್ಲ ಬೇಡ ಅಂತ.” ಆಮೇಲೆ ಮಕ್ಕಳಿಗೆ ಮ್ಯಾಜಿಕ್ ತೋರಿಸುವವರ ಹಾಗೆ ನಕ್ಕು, ನಾಲಿಗೆಯ ತುದಿಯಿಂದ ಬಲಬದಿಯ ಕೆಳಹಲ್ಲೊಂದನ್ನು ತಳ್ಳಿದರು. ಹಲ್ಲು ಮುಂದಕ್ಕೆ ಬಾಗಿ ಮತ್ತೆ ಹಿಂದಕ್ಕೆ ಬಂತು. “ನೋಡಿ, ಆಡ್ತದೆ. ಆದ್ರೆ ಒಂಚೂರು ನೋವಿಲ್ಲ!”

ಮುಂದಿನ ಎರಡು ದಿನದಲ್ಲಿ ಹತ್ತೊಂಬತ್ತೂ ಜನರನ್ನು ಹುಡುಕಿ ಮಾತಾಡಿಸಿದೆ. ಔಷಧ ಎಂಬ ಮಾತನ್ನೇ ಎತ್ತಲಿಲ್ಲ. ‘ಡಬ್ಬಿಯದು ತಗೊಳ್ತೀರಾ?’ ಎಂದಷ್ಟೇ ಕೇಳಿದೆ. ಹದಿನೈದು ಜನ ಹೌದು ಎಂದರು. ಒಂದೇ ಪುಟದಲ್ಲಿ ಬರೆದು, ಮೇಲೆ ನನ್ನ ತಪ್ಪನ್ನೂ ನಮೂದಿಸಿ, ೧೨ರ ಮಂಗಳವಾರ ಸರ್ ಅವರ ಮೇಜಿನ ಮೇಲಿಟ್ಟೆ.

ಅವರು ಓದಿದರು. ಕೈಗವಸಿನ ಬೆರಳಿಂದ ಗಲ್ಲ ಕೆರೆದುಕೊಂಡರು. “ಸರಿ. ಹಾಗಾದ್ರೆ ಈ ಹದಿನೈದು ಜನರನ್ನ ಗುಳಿಗೆ ಗುಂಪಿಗೆ ಹಾಕ್ಬಿಡು.”

“ಹಾಗೆ ಹಾಕೋಕೆ ಬರಲ್ಲ ಸರ್. ಯಾರು ಎಷ್ಟು ನುಂಗಿದ್ದಾರೆ ಗೊತ್ತಿಲ್ಲ. ಮತ್ತೆ ಅವರ ಬಿಳಿ ಗೆರೆಗಳೆಲ್ಲ ಅಗಲ ಇವೆ.”

“ಅಗಲವಾ? ಹಾಗಾದ್ರೆ ಬೇಡ. ಇದ್ದಲ್ಲೇ ಇರ್ಲಿ.”

ನಗು ಬರಬೇಕಿತ್ತು, ಬರಲಿಲ್ಲ. “ಸರ್, ಶೀನಣ್ಣನ ಹಲ್ಲು ಅಲ್ಲಾಡ್ತಿದೆ. ಅವರಿಗೆ ನೀವೇ ಶಸ್ತ್ರಚಿಕಿತ್ಸೆ ಬೇಡ ಅಂದ್ರಂತೆ. ಇನ್ನು ತಡ ಮಾಡಿದ್ರೆ ಆ ಬದಿಯ ಹಲ್ಲೆಲ್ಲ ಹೋಗ್ತವೆ.”

“ಹೋಟ್ಲಿನವರ ಹಲ್ಲು ಅಲ್ಲಾಡ್ತದೆ ಸುಮಾ. ತಂಬಾಕು.”

“ಅವರು ತಂಬಾಕು ತಿನ್ನೋದಿಲ್ಲ ಸರ್. ಫಾರ್ಮಿನಲ್ಲಿದೆ.”

“ಆ ಫಾರ್ಮೇ ಸುಳ್ಳು ಅಂತ ಈಗ ನೀನೇ ಬರೆದು ಕೊಟ್ಟಿದ್ದೀಯಲ್ಲ?”

ಅವರು ದಡ್ಡರಲ್ಲ, ಅದೇ ಬೇಸರ. ದಡ್ಡರಾಗಿದ್ದರೆ ನನಗೆ ಈ ತಿರಸ್ಕಾರ ಬರುತ್ತಿರಲಿಲ್ಲ. ಪಿಪೆಟ್ ಹಿಡಿಯಲು ಸೋಮಾರಿಯಾದ ಆ ಬುದ್ಧಿ ಮಾತು ತಪ್ಪಿಸಿಕೊಳ್ಳುವುದರಲ್ಲಿ ಮಾತ್ರ ಚುರುಕು. ನನ್ನ ಪುಟವನ್ನು ಮಗುಚಿ ಹಾಕಿ ಅದರ ಮೇಲೆ ಚಹಾದ ಲೋಟ ಇಟ್ಟರು.

ಡಿಸೆಂಬರ್ ೮, ಭಾನುವಾರ ಬೆಳಗ್ಗೆ ಸಂಘದ ಸಭಾಂಗಣದಲ್ಲಿ ಅವರ ಉಪನ್ಯಾಸ. ಹೋಟೆಲಿನವರೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ನನ್ನ ಹದಿನೇಳನೆಯ ಜೆಲ್. ಸರ್ ಬಿಳಿ ಕೋಟು ಹಾಕಿದ್ದರು, ಕೈಗವಸೂ ಇತ್ತು. ಮೈಕಿನ ಎದುರು ಅದು ಯಾವ ಸೋಂಕಿಗೋ ಗೊತ್ತಾಗಲಿಲ್ಲ.

“ಗುಳಿಗೆ ಇಲ್ಲದ ಕಡೆ ನೋಡಿ, ಇಷ್ಟು ಅಗಲದ ಗೆರೆ. ಗುಳಿಗೆ ಇದ್ದ ಕಡೆ, ಇಷ್ಟೇ ಇಷ್ಟು. ನೋವಿನ ಗುಳಿಗೆ ನೋವು ಮಾತ್ರ ಅಲ್ಲ, ವಸಡನ್ನೂ ಕಾಯ್ತದೆ. ಇದು ನಾನು ಹೇಳೋದಲ್ಲ, ಸೈನ್ಸ್ ಹೇಳೋದು. ಬೆಂಕಿ ಆರಿದ ಮೇಲೆ ಹೊಗೆ ಇರ್ತದಾ?”

ನಲವತ್ತನಾಲ್ಕು, ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಿಂದ ಶೀನಣ್ಣ ಎದ್ದು ನಿಂತರು. “ಸರ್, ಹಾಗಾದ್ರೆ ನನ್ನ ಇನ್ನೊಂದು ಬದಿ ಕೊಯ್ಯೋದು ಬೇಡ್ವಾ?”

“ನೋವುಂಟಾ?”

“ಇಲ್ಲ ಸರ್.”

“ನೋವಿಲ್ಲದವನಿಗೆ ಕತ್ತಿ ಎಂತಕ್ಕೆ ಮಾರಾಯ? ನಿನಗೆ ಆಸ್ಪತ್ರೆಯ ಎ.ಸಿ. ರುಚಿ ಹತ್ತಿದೆ!” ಸಭೆಯೆಲ್ಲ ನಕ್ಕಿತು. ಶೀನಣ್ಣನೂ ನಗುತ್ತಾ ಕೂರಲು ಹೊರಟರು.

“ಬೇಕು, ಶೀನಣ್ಣ” ಎಂದೆ. ಯಾವಾಗ ಎದ್ದು ನಿಂತೆನೋ ತಿಳಿಯದು. “ನಿಮ್ಮ ತುಣುಕು ಅರೆದವಳು ನಾನು. ಆವತ್ತೂ ನಿಮಗೆ ನೋವಿರಲಿಲ್ಲ, ಆವತ್ತೂ ಡಬ್ಬಿಯದು ನುಂಗಿದ್ರಿ. ಆದ್ರೂ ನಿಮ್ಮ ಗೆರೆ ಅಗಲವೇ ಇತ್ತು. ಒಳಗೆ ತಿನ್ನೋದು ನಿಂತಿಲ್ಲ. ಗುಳಿಗೆ ನಿಮಗೆ ಗೊತ್ತಾಗದ ಹಾಗೆ ಮಾಡಿದೆ, ಅಷ್ಟೆ. ಪರದೆ ಮೇಲಿರೋ ಜೆಲ್ಲಿನಲ್ಲಿ ನಾನು ಕಡಿಮೆ ತುಂಬಿದ್ದೆ. ಅದನ್ನ ನಂಬಬೇಡಿ.”

ರೋಗಿಯ ವಿಷಯವನ್ನು ಸಭೆಯಲ್ಲಿ ಆಡಬಾರದು. ಆ ದಿನದ ಪುಟದಲ್ಲಿ ಅದನ್ನು ನನ್ನ ತಪ್ಪು ಎಂದೇ ಬರೆದಿದ್ದೇನೆ.

ಸರ್ ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸ್ವಲ್ಪ ಗೌರವ ಉಳಿಯುತ್ತಿತ್ತೇನೋ. ಮೈಕಿಗೆ ಬಾಗಿ, “ನಮ್ಮ ಅಸಿಸ್ಟೆಂಟು. ಹುಡುಗಿ ಪಾಪ ಒಳ್ಳೆಯವಳು, ಕೈ ಸ್ವಲ್ಪ ಸರಿಯಿಲ್ಲ. ನೀವೇ ಕೇಳಿದ್ರಲ್ಲ, ಕಡಿಮೆ ತುಂಬಿದಳಂತೆ” ಎಂದರು. ಸಭೆ ಮತ್ತೆ ನಕ್ಕಿತು.

ಊಟಕ್ಕೆ ಕೂತಾಗ ನನ್ನ ಎರಡೂ ಬದಿಯ ಕುರ್ಚಿ ಖಾಲಿ. ವಾಸಣ್ಣ ದೂರದಿಂದಲೇ, “ದೊಡ್ಡವ್ರ ಎದುರು ಹೀಗೆ ಮಾತಾಡ್ಬಾರ್ದು ಮೇಡಂ, ಅಚ್ಛಾ ನಹೀ ಲಗ್ತಾ” ಎಂದು ಹೋದರು. ಶೀನಣ್ಣ ತಮ್ಮ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತರು. ಬಹಳ ಹೊತ್ತು ಎಡಬದಿಯಲ್ಲೇ ಅಗಿದರು. ಬಲಬದಿಗೆ ತುತ್ತು ಹೋಗದ ಹಾಗೆ ನಾಲಿಗೆ ಅಡ್ಡ ಇಡುತ್ತಿದ್ದುದನ್ನು ನಾನು ಆಗಲೇ ಗಮನಿಸಿದ್ದು.

“ಬುಧವಾರ ನಂಗೆ ರಜೆ ಉಂಟು” ಎಂದರು. “ನಿಮ್ಮ ಆ ಬಿಲ್ಡಿಂಗಿನಲ್ಲಿ ಹಲ್ಲಿನದು ಎಷ್ಟನೇ ಮಾಳಿಗೆ? ಆವತ್ತಿನ ಫೋಟೋ ಗಡಿಬಿಡಿಯಲ್ಲಿ ಮರ್ತೇ ಹೋಯ್ತು.”

ಬುಧವಾರ ಬಂದರು. ಬಲಬದಿಯಲ್ಲಿ ಎರಡು ಹಲ್ಲು ತೆಗೆಯಲೇಬೇಕಾಯಿತು, ಉಳಿದವು ನಿಂತವು. ಆಗಸ್ಟಿನಲ್ಲೇ ಬಂದಿದ್ದರೆ ಆ ಎರಡೂ ಉಳಿಯುತ್ತಿದ್ದವೋ ಏನೋ ಎಂದು ಹಲ್ಲಿನ ಆಸ್ಪತ್ರೆಯ ಡಾಕ್ಟರ್ ಮೇಡಂ ಹೇಳಿದರು. ಗುಳಿಗೆ ಕಿಣ್ವವನ್ನು ತಗ್ಗಿಸುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ನಮ್ಮ ಇಪ್ಪತ್ತಾರು ಜೆಲ್ಲುಗಳಲ್ಲಿ ಉತ್ತರವಿಲ್ಲ. ಆ ಪ್ರಶ್ನೆಯನ್ನು ಯಾರಾದರೂ ಮೊದಲಿನಿಂದ, ಡಬ್ಬಿಯ ಬಗ್ಗೆ ಕೇಳಿಕೊಂಡು, ಎತ್ತಿಕೊಳ್ಳಬೇಕು.

ನನ್ನ ಕಾಗದಕ್ಕೆ ಸಹಿ ಬೀಳಲಿಲ್ಲ. ಜನವರಿ ೩, ಶುಕ್ರವಾರ ಕೊನೆಯ ದಿನ. ಸರ್ ಲ್ಯಾಬಿನ ಪುಸ್ತಕ ಕೇಳಿದರು, ಕೊಟ್ಟೆ. ಹದಿನೇಳನೆಯ ಜೆಲ್ಲಿನ ಪುಟಕ್ಕೆ ಕೆಂಪು ಕಾಗದ ಅಂಟಿಸಿಯೇ ಕೊಟ್ಟೆ. ಅವರು ಅದನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯನ್ನು ಎತ್ತುವ ಹಾಗೆ ಹಿಡಿದುಕೊಂಡರು.

ಅವರು ಈಗ ನಿವೃತ್ತರು. ಸಂಘದವರು ಶಾಲು ಹೊದಿಸಿದರಂತೆ. ಕಳೆದ ತಿಂಗಳು ಮಾಟುಂಗ ಸ್ಟೇಷನ್ನಿನ ಸೇತುವೆಯ ಮೇಲೆ ಎದುರಾದರು. ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಮುಖ ಅದೇ, ಕೈಗಳು ಬೇರೆಯವರದಂತಿದ್ದವು. ಆ ಕೈಗಳನ್ನು ಬರಿದಾಗಿ ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಬಿಳಿ, ನುಣುಪು, ಆಗಷ್ಟೇ ಕಾಗದ ಬಿಚ್ಚಿದ ಸೋಪಿನ ಹಾಗೆ. ಒಂದು ಕಲೆಯಿಲ್ಲ, ಗೀರಿಲ್ಲ.

“ಸುಮಾ ಅಲ್ವಾ? ಈಗ ಎಲ್ಲಿ?”

“ಬೇರೆ ಲ್ಯಾಬಿನಲ್ಲಿದ್ದೀನಿ ಸರ್. ಅದೇ ಕೆಲಸ.”

“ಹಾಂ, ಒಳ್ಳೇದು. ಕೈ ಸರಿಯಾಯ್ತಾ?”

ನನ್ನ ಬಲಗೈ ಮುಂದೆ ಚಾಚಿದೆ. ಐದೂ ಉಗುರುಗಳ ಸಂದಿಯಲ್ಲಿ ಹಿಂದಿನ ದಿನದ ನೀಲಿ ಇತ್ತು. ಅವರು ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದು, ಎಲ್ಲಿ ಹತ್ತಿಬಿಡುತ್ತದೋ ಎಂಬಂತೆ ತಮ್ಮ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು.